ಸಾಹೇಬರ ಫ್ಲಾಸ್ಕು

ಕೆಲಸಕ್ಕೆ ಸೇರಿದ ಮೊದಲ ದಿನ ಟೈಪಿಸ್ಟ್ ಕೋರ್ಟ್ ಹಾಲಿಗೆ ಕಾಲಿಟ್ಟಿದ್ದೇ ತಡ, ವಕೀಲರೆಲ್ಲ ದಡಬಡ ಎದ್ದು ನಿಂತರು. ಹೊಸಬನಿಗೆ ಇಷ್ಟೊಂದು ಮರ್ಯಾದೆಯೇ ಎಂದು ಅವನು ಹಲ್ಲು ಕಿರಿದು, ಕೈ ಜೋಡಿಸಿ, "ಕೂತ್ಕೊಳ್ಳಿ, ಕೂತ್ಕೊಳ್ಳಿ" ಅಂದ. ಎದುರಿನ ಬಾಗಿಲಿಂದ ಜಡ್ಜ್ ಸಾಹೇಬರು ಪೀಠಕ್ಕೆ ಬಂದದ್ದು ಮಹಾಶಯನ ಕಣ್ಣಿಗೇ ಬಿದ್ದಿರಲಿಲ್ಲ. ಸಂಜೆ ಸಾಹೇಬರು ಕರೆದು ಹೇಳಿದ್ದು ಇಷ್ಟೇ: "ಅವರು ಏಳೋದು ನನಗೂ ಅಲ್ಲಪ್ಪ, ಕುರ್ಚಿಗೆ."

ಆ ಕುರ್ಚಿಗಾಗಿ ಸಾಹೇಬರು ಊರಲ್ಲಿ ಒಬ್ಬರ ಹೊಸ್ತಿಲನ್ನೂ ತುಳಿಯಲಿಲ್ಲ. ಇವತ್ತು ನೀರು ಕೊಟ್ಟವನು ನಾಳೆ ಕಟಕಟೆಯಲ್ಲಿ ನಿಂತಿರಬಹುದು ಎಂಬ ಅಂಜಿಕೆ. ಎಲ್ಲಿ ಹೋದರೂ ಮನೆಯ ನೀರಿನ ಫ್ಲಾಸ್ಕು ಬಗಲಲ್ಲೇ. ಒಬ್ಬಳೇ ತಂಗಿಯ ಗಂಡ ತೀರಿಕೊಂಡಾಗಲೂ ಹೋಗಲಿಲ್ಲ. ಆತನ ಅಂಗಡಿಯ ದಾವೆ ಇವರ ಕೈಕೆಳಗಿನ ಕೋರ್ಟಿನಲ್ಲಿತ್ತು.

ನಿವೃತ್ತರಾದ ಮೇಲೆ, "ಕೆಟ್ಟ ಕಾನೂನಿಟ್ಕೊಂಡು ಒಳ್ಳೆ ತೀರ್ಪು ಬರೆದು ಸಾಕಾಗಿದೆ" ಎಂದು ಚುನಾವಣೆಗೆ ನಿಂತರು. ಹಂಗಾಮಿ ಕೆಲಸ ಕಳೆದುಕೊಂಡಿದ್ದ ಟೈಪಿಸ್ಟ್ ದಿನಗೂಲಿಗೆ ಅವರ ಹಿಂದೆ ಬಿದ್ದ. ಕರಪತ್ರ ಹಂಚುವವನೂ ಅವನೇ, ಜೈಕಾರ ಹಾಕುವವನೂ ಅವನೇ, ಅದಕ್ಕೆ ದನಿಗೂಡಿಸುವ ಜನಸಮೂಹವೂ ಅವನೇ.

ಜನ ಗೌರವದಿಂದ ಅರ್ಧ ಬಾಗಿಲು ತೆರೆದು, ಪೂರ್ತಿ ಮುಚ್ಚುತ್ತಿದ್ದರು. ಬೆನ್ನ ಹಿಂದೆ ಕೇಳಿಸುತ್ತಿದ್ದದ್ದು ಒಂದೇ ಮಾತು: "ಒಡಹುಟ್ಟಿದವಳ ಕಣ್ಣೀರು ಒರೆಸದವರು ನಮ್ಮ ಕಷ್ಟ ಕೇಳ್ತಾರಾ?"

"ತಂಗಿಯಮ್ಮ ಒಂದಿನ ನಮ್ಜೊತೆ ಬೀದಿಗಿಳಿದ್ರೆ ಗೆದ್ವಿ ಸಾರ್," ಎಂದು ಟೈಪಿಸ್ಟ್ ಅವಳ ಮನೆಗೆ ಹೋಗುವ ದಾರಿಯುದ್ದಕ್ಕೂ ಕಿವಿ ಕೊರೆದ. "ಬರೋಕೆ ಎಷ್ಟೋ ಸಲ ಹೊರಟಿದ್ದೆ ಅಂದ್ಬಿಡಿ. ಒಂದು ಸುಳ್ಳು ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

ತಂಗಿಯ ಮನೆ ಮುಂದೆ ಸಾಹೇಬರು ಫ್ಲಾಸ್ಕನ್ನು ಅವನ ಕೈಗಿಟ್ಟರು.

"ದಾರಿ ತಪ್ಪಿ ಬಂದ್ಯಾ ಅಣ್ಣಾ?" ಎಂದಳು ತಂಗಿ. ತಲೆ ಪೂರ್ತಿ ನೆರೆತಿತ್ತು. ಗೋಡೆಯ ಮೇಲೆ ಗಂಡನ ಫೋಟೋ, ಅದರ ಕೆಳಗೆ ಆತ ಕೂರುತ್ತಿದ್ದ ಕುರ್ಚಿ. "ಕೂತ್ಕೋ" ಎಂದರೂ ಸಾಹೇಬರು ಕೂರಲಿಲ್ಲ. ಆ ಖಾಲಿ ಕುರ್ಚಿಯ ಎದುರು, ಕೋರ್ಟಿನಲ್ಲಿ ಬೇರೆಯವರು ನಿಲ್ಲುತ್ತಿದ್ದ ಹಾಗೆ, ಕೈ ಕಟ್ಟಿ ನಿಂತೇ ಇದ್ದರು.

ಅವಳು ನೀರು ತಂದಳು. ಸಾಹೇಬರು ಗಟಗಟನೆ ಕುಡಿದರು. ಗೆದ್ದೆವು ಎಂದುಕೊಂಡ ಟೈಪಿಸ್ಟ್, ಫ್ಲಾಸ್ಕನ್ನು ಮಗುವಿನಂತೆ ಎದೆಗೊತ್ತಿಕೊಂಡು.

ಲೋಟ ಇಸಿದುಕೊಳ್ಳುತ್ತ ತಂಗಿ ಕೇಳಿದಳು: "ಓಟು ಬೇಕಿರ್ಲಿಲ್ಲ ಅಂದಿದ್ರೆ ಬರ್ತಿದ್ಯಾ ಅಣ್ಣಾ?"

ಟೈಪಿಸ್ಟ್ ಹಿಂದಿನಿಂದ ಎರಡು ಸಲ ಕೆಮ್ಮಿ ನೆನಪಿಸಿದ. ಸಾಹೇಬರು ಫೋಟೋದಿಂದ ಕಣ್ಣು ಕಿತ್ತು ತಂಗಿಯನ್ನು ನೋಡಿದರು.

"ಇಲ್ಲ. ಬರ್ತಿರ್ಲಿಲ್ಲ."