ತೊಂಬತ್ತೊಂಬತ್ತು ಹುಳುಗಳ ಜಗಳ

ಇರುವೆಗಳ ಮೇಲೆ ಪಿಎಚ್‌ಡಿ ಮಾಡಿದ್ದಕ್ಕೆ ಬೀದಿಯವರೆಲ್ಲ ಅವಳನ್ನು ಇರುವೆ ಡಾಕ್ಟ್ರು ಎನ್ನುತ್ತಿದ್ದರು. ಅಕ್ಕನ ಮನೆಯ ನಡುಕೋಣೆಯಲ್ಲಿ, ಮಡಚದ ಬಟ್ಟೆಗಳ ರಾಶಿಯ ಪಕ್ಕ ಕಂಪ್ಯೂಟರ್ ಇಟ್ಟುಕೊಂಡು ಅವಳು ಪೋಸ್ಟ್‌ಡಾಕ್ ಹುಡುಕುತ್ತಿದ್ದಳು. ಡಾಕ್ಟರೇಟ್ ಮುಗಿಸಿದವರಿಗೆ ಸಂಬಳ ಕೊಟ್ಟು ಸಂಶೋಧನೆ ಮಾಡಿಸುವ ಕೆಲಸ ಅದು. ಯಾವ ಜಾಹೀರಾತು ತೆರೆದರೂ ದತ್ತಾಂಶ ವಿಶ್ಲೇಷಣೆ ಬರಬೇಕು ಎಂದೇ ಇರುತ್ತಿತ್ತು. ಅವಳಿಗೆ ಅದು ಬರುತ್ತಿತ್ತು. ನಂಬುವವರು ಸಿಕ್ಕಿರಲಿಲ್ಲ, ಅಷ್ಟೆ.

“ಆ ಡಬ್ಬದ ಮುಂದೆ ಕೂತೇ ಮುದುಕಿ ಆಗ್ತೀಯ,” ಎಂದಳು ಅಕ್ಕ. “ನಿನ್ನ ಇರುವೆಗಳಾದ್ರೂ ದುಡಿದು ತಿಂತಾವೆ.”

“ಅವು ನಿನ್ನಷ್ಟು ಕಚ್ಚಲ್ಲ ಬಿಡು.”

ಕೊನೆಗೊಂದು ಲ್ಯಾಬು ಕಂಪ್ಯೂಟರಿನಲ್ಲೇ ಸಂದರ್ಶನಕ್ಕೆ ಕರೆಯಿತು. ದೀಪಕ್ಕೆ ಮುತ್ತುವ ಹುಳುಗಳ ಎಣಿಕೆಯ ಪಟ್ಟಿ ಕಳಿಸಿ, ಯಾವ ತಿಂಗಳು ಹುಳು ಹೆಚ್ಚು ಹೇಳಿ ಎಂದರು. ಪಟ್ಟಿಯಲ್ಲಿ ಅಲ್ಲಲ್ಲಿ ತೊಂಬತ್ತೊಂಬತ್ತು ಇಣುಕುತ್ತಿತ್ತು. ಅವಳಿಗೆ ಪಿಎಚ್‌ಡಿ ಮಾಡಿಸಿದ ಮೇಷ್ಟ್ರು, ಎಣಿಸಲು ಹೋಗದ ದಿನದ ಚೌಕವನ್ನು ಖಾಲಿ ಬಿಟ್ಟರೆ ಯಾರಾದರೂ ಸೊನ್ನೆ ಎಂದುಕೊಂಡಾರೆಂದು ಅಲ್ಲಿ ತೊಂಬತ್ತೊಂಬತ್ತು ಬರೆಸುತ್ತಿದ್ದರು. ಅದೇ ರೂಢಿ ಮೈಗಂಟಿತ್ತು. ಹಿಂದುಮುಂದು ನೋಡದೆ ಅವನ್ನೆಲ್ಲ ಕಿತ್ತುಹಾಕಿ ಲೆಕ್ಕ ಒಪ್ಪಿಸಿದಳು.

ಲ್ಯಾಬಿನ ಯಜಮಾನ ತುಟಿ ಕೊಂಕಿಸಿದ. “ಹುಳ ಮುತ್ತಿಕೊಂಡ ದಿನಗಳನ್ನೇ ಎತ್ತಿ ಬಿಸಾಕಿದ್ದೀರಲ್ಲ ತಾಯಿ. ತೊಂಬತ್ತೊಂಬತ್ತಕ್ಕೆ ನಾವು ಎಣಿಸೋದು ನಿಲ್ಲಿಸ್ತೀವಿ. ಅದಕ್ಕಿಂತ ಜಾಸ್ತಿ ಇದೆ ಅಂತ ಅರ್ಥ.”

ಅವಳು ಪಟ್ಟಿಯನ್ನು ಮೇಲಿಂದ ಕೆಳಗೆ ಮತ್ತೆ ಜಾಲಾಡಿದಳು. “ಪಟ್ಟೀಲಿ ಎಲ್ಲಿ ಬರೆದಿದೆ ಅದು?”

“ನಮ್ಮ ಲ್ಯಾಬಲ್ಲಿ ಎಲ್ಲರಿಗೂ ಗೊತ್ತು.”

“ನಾನಿನ್ನೂ ನಿಮ್ಮ ಲ್ಯಾಬಿಗೆ ಬಂದಿಲ್ಲವಲ್ಲ ಸಾರ್.”

“ಬರೋದೂ ಇಲ್ಲ ಬಿಡಿ,” ಎಂದು ಆತ ಪರದೆ ಆರಿಸಿದ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಅಕ್ಕ ಅಂದಳು, “ಹೋಗಲಿ, ನೀನಾದ್ರೂ ಅದೇನು ಅಂತ ಒಂದು ಮಾತು ಕೇಳಬಾರದಿತ್ತಾ?”

ಅದೇ ಅವಳ ಹೊಟ್ಟೆ ಉರಿಸಿದ್ದು. ಕೇಳಬೇಕಿತ್ತು, ನಿಜ. ಸಿಟ್ಟಿಗೆ ಅವತ್ತೇ ಕೂತು ಲ್ಯಾಬಿಗೆ ಬರೆದಳು: ತಪ್ಪು ನನ್ನದೂ ಹೌದು, ಆದರೆ ಅರ್ಥ ಹೇಳದೆ ಪಟ್ಟಿ ಕೊಟ್ಟರೆ ಮುಂದೆ ಬರುವವರೂ ಹೀಗೇ ಮುಗ್ಗರಿಸುತ್ತಾರೆ. ಯಾರೂ ಉತ್ತರಿಸುವ ಗೋಜಿಗೆ ಹೋಗಲಿಲ್ಲ.

ಕೆಲವು ತಿಂಗಳಾದ ಮೇಲೆ ಅದೇ ಕೆಲಸ ಮತ್ತೆ ಜಾಹೀರಾತಿಗೆ ಬಂತು. ಕೆಳಗೆ ಹೊಸದಾಗಿ ಒಂದು ಸಾಲು ಸೇರಿತ್ತು: ಪರೀಕ್ಷೆಯ ಪಟ್ಟಿಯೊಂದಿಗೆ ಅಂಕಿಗಳ ವಿವರಣೆಯನ್ನೂ ಕೊಡಲಾಗುವುದು. ಅವಳು ಅದನ್ನು ಮತ್ತೆ ಮತ್ತೆ ಓದಿ ಅರ್ಜಿ ತುಂಬತೊಡಗಿದಳು.

“ಥೂ, ಮುಖಕ್ಕೆ ಹೊಡೆದ ಹಾಗೆ ಅಂದವನ ಬಾಗಿಲಿಗೇ ಮತ್ತೆ ಹೋಗ್ತೀಯಾ? ಮಾನ ಮರ್ಯಾದೆ ಬೇಡವಾ?” ಎಂದಳು ಅಕ್ಕ.

“ಮಾನ ಇರೋದಕ್ಕೇ ಹಾಕ್ತಿರೋದು. ಆ ಸಾಲು ನಂದು ಕಣೆ. ಈ ಸಲ ಬೇಡ ಅನ್ನೋಕೆ ಅವನು ಬೇರೆ ನೆಪ ಹುಡುಕಲಿ.”