ಆರ್ಲಿಸ್ ಪಡೆದ ಎರಡನೆಯ ಪದವಿ

ಆರ್ಲಿಸ್ ಟುವೊಮೆಲ ಫೆಬ್ರವರಿಯಲ್ಲಿ ತೀರಿಕೊಂಡಳು. ಹಿಮ ಬೀಳಲು ಶುರುವಾದಾಗ ಹೊಟ್ಟೆನೋವು ಅಂದಿದ್ದಳು. ಮೇದೋಜೀರಕದ ಕ್ಯಾನ್ಸರ್ ಎಂದು ಗೊತ್ತಾಗುವಷ್ಟರಲ್ಲಿ ಮಾಡಲು ಹೆಚ್ಚೇನೂ ಉಳಿದಿರಲಿಲ್ಲ. ದೂರ ಉತ್ತರದ ನಮ್ಮ ಕಡೆ ಚಳಿಗಾಲದಲ್ಲಿ ಸತ್ತವರನ್ನು ಕೂಡಲೇ ಮಣ್ಣು ಮಾಡಲಾಗುವುದಿಲ್ಲ, ನೆಲ ಕಲ್ಲಾಗಿರುತ್ತದೆ. ಮೇ ತಿಂಗಳವರೆಗೆ ಕಾಯಬೇಕು. ಕಾಯುವ ಈ ದಿನಗಳಲ್ಲಿ ಇದನ್ನು ಬರೆಯುವುದು ಬಿಟ್ಟು ನನಗೆ ಬೇರೆ ಕೆಲಸ ಮಾಡಲು ಮನಸ್ಸಿಲ್ಲ.

ಚರ್ಚಿನಲ್ಲಿ ಪಾದ್ರಿ, "ಆರ್ಲಿಸ್ ಒಳ್ಳೆಯ ನರ್ಸ್ ಆಗಿದ್ದಳು" ಎಂದರು. ನಿಜವೇ. ಆದರೆ ಅವಳು ನರ್ಸ್ ಆದದ್ದು ಎರಡು ಸಲ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಏನಾಯಿತೆಂದು ಬಲ್ಲವರು ಈಗ ಊರಿನಲ್ಲಿ ಕೆಲವರೇ ಇದ್ದೇವೆ.

ನಮಗೆ ಪರಿಚಯವಾದಾಗ ಅವಳಿಗೆ ನಲವತ್ತರ ಹತ್ತಿರ. ವೃದ್ಧಾಶ್ರಮದಲ್ಲಿ ಸಹಾಯಕಿಯಾಗಿ ಮುದುಕರನ್ನು ಎತ್ತುವುದು, ತೊಳೆಯುವುದು, ಉಣ್ಣಿಸುವುದು ಅವಳ ಕೆಲಸ. ಗಂಡ ಡ್ವೇನ್ ಕಬ್ಬಿಣದ ಗಣಿಯಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ. ದಿನಕ್ಕೆ ಹತ್ತು ಮಾತಾಡಿದರೆ ಅದೇ ಹೆಚ್ಚು. ಆ ಮನೆಯ ಮಾತನ್ನೆಲ್ಲ ಆರ್ಲಿಸ್ ಒಬ್ಬಳೇ ಆಡಿ ಮುಗಿಸುತ್ತಿದ್ದಳು. ಅವಳ ಆಸೆ ಒಂದೇ: ಕೌಂಟಿಯ, ಅಂದರೆ ಜಿಲ್ಲಾಡಳಿತದ, ನರ್ಸ್ ಆಗುವುದು, ಆಸ್ಪತ್ರೆಯ ನರ್ಸ್ ಅಲ್ಲ, ಮನೆಮನೆಗೆ ಹೋಗುವ ನರ್ಸ್. ಅವಳು ಚಿಕ್ಕವಳಿದ್ದಾಗ ಅವಳ ತಾಯಿಗೆ ಹುಟ್ಟಿದ ಮಗು ಉಳಿಯಲಿಲ್ಲ. ತಾಯಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಹಿಮದಲ್ಲಿ ಕಾರು ಓಡಿಸಿಕೊಂಡು ಬಂದ ಕೌಂಟಿ ನರ್ಸ್ ಏನೂ ಕೇಳದೆ ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸುಲಿಯತೊಡಗಿದಳಂತೆ. ಕೊನೆಗೆ ತಾಯಿ ಎದ್ದು ಬಂದು, "ಅಷ್ಟು ದಪ್ಪ ಸಿಪ್ಪೆ ತೆಗಿಯೋದಾ?" ಎಂದಳಂತೆ.

ಆ ಕೆಲಸಕ್ಕೆ ನಾಲ್ಕು ವರ್ಷದ ಪದವಿ ಬೇಕು. ನಮ್ಮೂರಲ್ಲಿದ್ದದ್ದು ಎರಡು ವರ್ಷದ ಕಾಲೇಜು. ವಿಶ್ವವಿದ್ಯಾಲಯ ದೂರ ದಕ್ಷಿಣದಲ್ಲಿ. ಕೊನೆಗೆ ಎರಡೂ ಸೇರಿ ಒಂದು ಏರ್ಪಾಡು ಮಾಡಿದವು. ಹಗಲು ನಮ್ಮ ಕಾಲೇಜಿನ ಪಾಠ, ಸಂಜೆ ಕಂಪ್ಯೂಟರಿನಲ್ಲಿ ವಿಶ್ವವಿದ್ಯಾಲಯದ ಪಾಠ. ಎರಡು ವರ್ಷದ ಪದವಿ ಮೊದಲು ಕೈಗೆ ಬಂದು ಲೈಸೆನ್ಸ್ ಪರೀಕ್ಷೆ ಬರೆಯಬಹುದು, ಅದೇ ವರ್ಷದ ಕೊನೆಗೆ ನಾಲ್ಕು ವರ್ಷದ್ದೂ ಸಿಗುತ್ತದೆ. ಒಂದೇ ಷರತ್ತು: ವಿಶ್ವವಿದ್ಯಾಲಯದ ಒಂದು ವಿಷಯದಲ್ಲಿ ಫೇಲಾದರೂ ಈ ಜೋಡಿ ಪದವಿಯ ತಂಡದಿಂದ ಹೊರಗೆ, ಎರಡು ವರ್ಷದ್ದು ಮಾತ್ರ ಉಳಿಯುತ್ತದೆ. ಮತ್ತೆ ಸೇರಬೇಕಾದರೆ ಬೇಡಿಕೊಂಡು ಮುಂದಿನ ತಂಡದ ಜೊತೆ ಬರಬೇಕು. ಹಾಗೆ ಬಂದವರು ಅಪರೂಪ. ಅಷ್ಟರಲ್ಲಿ ಕೈಯಲ್ಲಿ ಲೈಸೆನ್ಸ್ ಇರುತ್ತದೆ, ಕೆಲಸ ಇರುತ್ತದೆ, ಸಾಕೆನಿಸಿಬಿಡುತ್ತದೆ.

ಶಾಲೆಯ ಗ್ರಂಥಾಲಯದ ಕೆಲಸ ಬಿಟ್ಟು ನಾನೂ ಸೇರಿದೆ. ಸಂಖ್ಯಾಶಾಸ್ತ್ರ ಅವಳಿಗೆ ನಾನು ಹೇಳಿಕೊಡುತ್ತಿದ್ದೆ.

"ಟೆರೀಸ್, ಈ ಸರಾಸರಿ ಅನ್ನೋದು ನಮ್ಮತ್ತೆ ಕೊಡೋ ಸ್ವೆಟರ್ ಥರ ಕಣೆ," ಎನ್ನುತ್ತಿದ್ದಳು. "ಎಲ್ಲರಿಗೂ ಅಂತ ಹೆಣೀತಾಳೆ, ಒಬ್ಬರಿಗೂ ಆಗಲ್ಲ."

ಮನೆಭೇಟಿಯ ವಿಷಯ ವಿಶ್ವವಿದ್ಯಾಲಯದ್ದು. ಕಲಿಸುತ್ತಿದ್ದವರು ಇನ್ನೂ ದಕ್ಷಿಣದ ಟೆನೆಸಿಯಿಂದ ಬಂದ ಪ್ರೊಫೆಸರ್ ಲವೆಟ್. ಮೆಲುದನಿಯ ಹೆಂಗಸು, ಯಾರ ಹೆಸರನ್ನೂ ಮರೆಯುತ್ತಿರಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಮನೆ ಕೊಟ್ಟರು. ಆರ್ಲಿಸ್‌ಗೆ ಬಂದದ್ದು ಲೆಂಪಿ ಹಾರ್ಯು ಎಂಬ ಮುದುಕಿಯ ಮನೆ. ಲೆಂಪಿಗೆ ಹಳೆಯ ಸಕ್ಕರೆ ಕಾಯಿಲೆ, ಪಾದಗಳಲ್ಲಿ ಸ್ಪರ್ಶವೇ ಇರಲಿಲ್ಲ. ಆದರೆ ಪಾದ ತೋರಿಸು ಎಂದರೆ ಕೆರಳುತ್ತಿದ್ದಳು.

"ಒಂದ್ಸಲ ನೋಡ್ಲಾ ಅಜ್ಜಿ?"

"ನಿನ್ನ ಕಾಲು ನೀನು ನೋಡ್ಕೋ. ನನ್ನದು ಚೆನ್ನಾಗಿದೆ."

ಎರಡು ಭೇಟಿ ಹೀಗೇ ಕಳೆದವು. ಮೂರನೆಯದು ಶನಿವಾರ ಬಿತ್ತು. ನಮ್ಮ ಕಡೆ ಹಿಂದೆ ವಲಸೆ ಬಂದು ನೆಲೆಸಿದ ಫಿನ್ ಜನರ ಹಿತ್ತಲಲ್ಲೆಲ್ಲ ಸೌನಾ ಇರುತ್ತದೆ, ಕಲ್ಲೊಲೆ ಕಾಯಿಸಿ ಬೆವರಿ ಮೀಯುವ ಮರದ ಕೋಣೆ. ಶನಿವಾರ ಯಾರೇ ಮನೆಗೆ ಬಂದರೂ ಒಳಗೆ ಕರೆಯುತ್ತಾರೆ. ಕರೆದಾಗ ಒಲ್ಲೆ ಅನ್ನುವುದು ಬಡಿಸಿದ ಎಲೆ ಬಿಟ್ಟು ಎದ್ದಂತೆ.

"ಸೌನಾ ಕಾದಿದೆ," ಎಂದಳು ಲೆಂಪಿ. "ಬರ್ತೀಯೋ, ಇಲ್ಲ ಯೂನಿವರ್ಸಿಟಿ ಸೇರಿದ್ಮೇಲೆ ಸ್ನಾನಾನೂ ಬಿಟ್ಟಿದ್ದೀಯೋ?"

ಆರ್ಲಿಸ್ ಬಟ್ಟೆ ಕಳಚಿ ಒಳಗೆ ಹೋದಳು. ಅಲ್ಲಿ ಮುಚ್ಚಿಡುವುದೇನಿದೆ? ಲೆಂಪಿ ಹೆಚ್ಚು ಬಿಸಿಯ ಮೇಲಿನ ಹಲಗೆಯ ಮೇಲೆ ಕಾಲು ಚಾಚಿ ಕೂತಾಗ ಪಾದದಡಿಯ ಹುಣ್ಣು ಕಂಡಿತು. ಹೆಬ್ಬೆರಳು ಕಪ್ಪಾಗಿತ್ತು.

"ಅಜ್ಜಿ, ಇದು ಯಾವಾಗಿಂದ?"

"ಯಾವುದು?"

ಅವಳಿಗೆ ಅದು ನೋಯುತ್ತಲೂ ಇರಲಿಲ್ಲ, ಬಗ್ಗಿ ನೋಡಲೂ ಆಗುತ್ತಿರಲಿಲ್ಲ. ಆರ್ಲಿಸ್ ಒದ್ದೆ ಕೂದಲಲ್ಲೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹೆಬ್ಬೆರಳು ಹೋಯಿತು, ಕಾಲು ಉಳಿಯಿತು.

ಮುಂದಿನ ವಾರ ಪ್ರೊಫೆಸರ್ ಲವೆಟ್ ತಾವೇ ನಮ್ಮೂರಿಗೆ ಬಂದಿದ್ದರು. ಎಲ್ಲರೂ ತಮ್ಮ ಮನೆಭೇಟಿಯ ವಿಷಯ ಹೇಳಬೇಕಿತ್ತು. ಆರ್ಲಿಸ್ ಗೆದ್ದು ಬಂದವಳಂತೆ ಎದ್ದಳು. ಸೌನಾದ ವಾಡಿಕೆಯಂತೆ ಎಲೆಸೊಪ್ಪಿನ ಕಟ್ಟಿನಿಂದ ಮುದುಕಿಯ ಬೆನ್ನು ಬಡಿದದ್ದನ್ನು ಅಭಿನಯಿಸಿಯೇ ತೋರಿಸಿದಳು. ನಾವು ಬಿದ್ದು ಬಿದ್ದು ನಕ್ಕೆವು. ಪ್ರೊಫೆಸರ್ ನಗಲಿಲ್ಲ.

"ರೋಗಿಯ ಜೊತೆ ಬಟ್ಟೆ ಇಲ್ಲದೆ ಕೂತಿದ್ರಾ?"

"ಬಟ್ಟೆ ಹಾಕ್ಕೊಂಡು ಸೌನಾಕ್ಕೆ ಯಾರು ಹೋಗ್ತಾರೆ ಮೇಡಂ?"

ಮತ್ತೆ ನಗು. ದಕ್ಷಿಣದ ಹೆಂಗಸಿಗೆ ನಾಚಿಕೆಯಾಗಿರಬೇಕು ಎಂದುಕೊಂಡೆವು.

"ಬಟ್ಟೆ ವಿಷಯ ಆಮೇಲೆ ಮಾತಾಡೋಣ," ಎಂದರು ಲವೆಟ್. "ಆಕೆಯ ಪಾದಕ್ಕೆ ಬಿಸಿ ತಿಳಿಯಲ್ಲ ಅನ್ನೋದು ನಿಮಗೆ ಗೊತ್ತಿತ್ತು. ಎಲ್ಲಿ ಕೂತಿದ್ದರು?"

"ಮೇಲಿನ ಹಲಗೆ ಮೇಲೆ."

"ಒಲೆ ಕಾಲಿಗೆ ತಾಗೋ ಹಾಗಿತ್ತಾ?"

ಸೊಪ್ಪಿನ ಕಟ್ಟು ಹಿಡಿದಂತೆ ಎತ್ತಿದ್ದ ಕೈಯನ್ನು ಆರ್ಲಿಸ್ ಇಳಿಸಿದಳು.

"ಕಾಲಿಗೆ ಹುಯ್ಕೊಂಡ ನೀರು ಎಷ್ಟು ಬಿಸಿ ಅಂತ ಯಾರು ಮುಟ್ಟಿ ನೋಡಿದ್ರು?"

ನಾವೆಲ್ಲ ಆ ಬಿಸಿಯಲ್ಲೇ ಹುಟ್ಟಿ ಬೆಳೆದವರು. ಕೂಸುಗಳನ್ನು ಅಲ್ಲೇ ಮೀಯಿಸುತ್ತೇವೆ, ಬಾಣಂತಿಯರನ್ನೂ. ಅದು ಯಾರನ್ನಾದರೂ ಸುಟ್ಟೀತು ಎಂಬ ಯೋಚನೆ ನಮ್ಮಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಬೇರೆ ಊರಿನ ನರ್ಸ್ ಆಗಿದ್ದರೆ ಬಾಗಿಲಲ್ಲೇ ಹೆದರುತ್ತಿದ್ದಳು.

ಆ ವಿಷಯದಲ್ಲಿ ಆರ್ಲಿಸ್ ಫೇಲಾದಳು. ಕಾರಿನಲ್ಲಿ ನಾನು ಪ್ರೊಫೆಸರನ್ನು ಬಯ್ಯತೊಡಗಿದಾಗ ತಡೆದಳು.

"ಬಿಡು. ಅವಳು ಹೇಳಿದ್ದು ಸರಿ ಕಣೆ. ಅದಕ್ಕೇ ಹೊಟ್ಟೆ ಉರೀತಿರೋದು."

ಸುದ್ದಿ ಕೇಳಿದ ಲೆಂಪಿ, "ಆ ಪ್ರೊಫೆಸರನ್ನ ಇಲ್ಲಿಗೆ ಕಳಿಸು, ಮೇಲಿನ ಹಲಗೆ ಮೇಲೆ ಕೂರಿಸಿ ನಾನು ಮಾತಾಡ್ತೀನಿ," ಎಂದಳಂತೆ.

ವಸಂತದಲ್ಲಿ ನಮ್ಮಿಬ್ಬರಿಗೂ ಎರಡು ವರ್ಷದ ಪದವಿ ಬಂತು. ಕಾಲೇಜಿನ ಸಭಾಂಗಣದಲ್ಲಿ ಅವಳ ಎದೆಗೆ ನರ್ಸಿನ ಪದಕ ಚುಚ್ಚಿದ್ದು ಡ್ವೇನನ ದಪ್ಪ ಬೆರಳುಗಳು. ಇಬ್ಬರೂ ಲೈಸೆನ್ಸ್ ಪಡೆದೆವು. ವೃದ್ಧಾಶ್ರಮದವರು ಅವಳಿಗೆ ಒಂದು ವಿಭಾಗವನ್ನೇ ಒಪ್ಪಿಸಿದರು.

"ನರ್ಸ್ ಆದೆಯಲ್ಲ," ಎಂದ ಡ್ವೇನ್. "ಇದಕ್ಕಿಂತ ಹೆಚ್ಚು ನರ್ಸ್ ಆಗೋಕಾಗತ್ತಾ?"

ಅವನ ಮಟ್ಟಿಗೆ ಅದು ಭಾಷಣ. ವರ್ಷದ ಕೊನೆಗೆ ನನಗೆ ಎರಡನೆಯ ಪದವಿ ಬಂದಾಗ ಮನೆಯಲ್ಲಿ ಅಮ್ಮ ಅಕ್ರೋಟು ಹೂರಣ ಸುತ್ತಿದ ಪೊಟೀತ್ಸ ಎಂಬ ಸಿಹಿ ಬ್ರೆಡ್ ಬೇಯಿಸಿದ್ದಳು. ಆರ್ಲಿಸ್ ಬಂದು ಎರಡು ಹೋಳು ತಿಂದು, "ಡಬಲ್ ಡಿಗ್ರಿಯೋರ ಮನೆ ರುಚೀನೇ ಬೇರೆ ಬಿಡಮ್ಮ," ಎಂದು ಎಲ್ಲರನ್ನೂ ನಗಿಸಿದಳು. ಕಾಫಿಗೆ ನಿಲ್ಲಲಿಲ್ಲ. ಕಿಟಕಿಯಿಂದ ನೋಡಿದೆ. ಕಾರಿನಲ್ಲಿ ಕೂತವಳು ಬಹಳ ಹೊತ್ತು ಹೊರಡಲಿಲ್ಲ.

ಮರುದಿನ ಫೋನ್ ಮಾಡಿ, "ಬೇಡ್ಕೊಳ್ಳೋ ಅರ್ಜಿ ಬರೆಯೋದು ಹೇಗೆ ಹೇಳು," ಎಂದಳು. ಪಾಠ ಶುರುವಾದ ದಿನ ಸಂಜೆ ಅವಳು ಕಾಲೇಜಿಗೆ ಹೊರಡುವಷ್ಟರಲ್ಲಿ ಡ್ವೇನ್ ಕಾರಿನ ಗಾಜಿನ ಮೇಲಿನ ಮಂಜು ಕೆರೆದು ಎಂಜಿನ್ ಬೆಚ್ಚಗಾಗಿಸಿಟ್ಟಿದ್ದ. ಆ ಚಳಿಗಾಲವಿಡೀ ಹಾಗೇ ನಡೆಯಿತು.

ಪಾಠ ಮಾಡಿದವರು ಮತ್ತೆ ಲವೆಟ್. ಆರ್ಲಿಸ್‌ಗಿಂತ ಇಪ್ಪತ್ತು ವರ್ಷ ಚಿಕ್ಕ ಹುಡುಗಿಯರ ತಂಡ. ಕೊನೆಯ ಮೌಖಿಕ ಪರೀಕ್ಷೆಯಲ್ಲಿ ಲವೆಟ್ ನೇರವಾಗಿ ಕೇಳಿದರು: "ಇವತ್ತು ಆ ಅಜ್ಜಿ ಸೌನಾಕ್ಕೆ ಕರೆದರೆ?"

ಹೋಗುವುದಿಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಹಾಗೇ ಹೇಳು ಎಂದು ನಾನೂ ಅವಳಿಗೆ ಹೇಳಿ ಕಳಿಸಿದ್ದೆ.

"ಹೋಗ್ತೀನಿ," ಎಂದಳಂತೆ ಆರ್ಲಿಸ್. "ಟವೆಲ್ ಸುತ್ಕೊಂಡು. ಹೋಗೋ ಮುಂಚೆ ಕಾಲೇಜಿಗೆ ಫೋನ್ ಮಾಡಿ ತಿಳಿಸ್ತೀನಿ. ಅಜ್ಜೀನ ಕೆಳಗಿನ ಹಲಗೆ ಮೇಲೆ, ಒಲೆಯಿಂದ ದೂರ ಕೂರಿಸ್ತೀನಿ. ನೀರು ಮೊದಲು ನಾನು ಮುಟ್ತೀನಿ. ಇಲ್ಲ ಅಂದ್ರೆ ಪಾದ ನೋಡೋಕಾಗಲ್ಲ ಮೇಡಂ."

"ಟವೆಲ್‌ಗೆ ಅಜ್ಜಿ ಬಯ್ಯಲ್ವಾ?"

"ಬಯ್ತಾಳೆ. ಬಯ್ಸ್ಕೊಳ್ತೀನಿ."

ಲವೆಟ್ ಪಾಸು ಮಾಡಿದರು.

ಆರು ಚಳಿಗಾಲ ಅವಳು ನಮ್ಮ ಕೌಂಟಿಯ ನರ್ಸ್ ಆಗಿದ್ದಳು. ಅವಳ ಕೆಲಸದ ಮೊದಲ ದಿನ ನಾನು ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದೆ. ಫೋನ್ ಬಂತು.

"ಟೆರೀಸ್, ಹೆದರಿಕೆ ಆಗ್ತಿದೆ ಕಣೆ."

"ಎಲ್ಲಿದ್ದೀಯಾ?"

"ಒಂದು ಮನೆ ಮುಂದೆ, ಕಾರಲ್ಲಿ. ಎಳೆ ಬಾಣಂತಿ. ಪರದೆ ಎಲ್ಲಾ ಎಳೆದಿದೆ."

"ಬಾಗಿಲು ತಟ್ಟಿದ್ಯಾ?"

"ಇನ್ನೂ ಇಲ್ಲ." ಆಮೇಲೆ, "ಯಾರೋ ಪರದೆ ಸರಿಸಿದ್ರು. ಇಡ್ತೀನಿ," ಎಂದಳು. ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು, ಹಿಮದ ಮೇಲೆ ಅವಳ ಬೂಟಿನ ಸದ್ದು, ಆಮೇಲೆ ಬಾಗಿಲು ತಟ್ಟಿದ ಸದ್ದು. ಫೋನ್ ಆರಿಸುವುದನ್ನು ಮರೆತಿದ್ದಳು.