ಫಿಟ್ಟರರ ಗೋವಿನಜೋಳ

ನಾನು ಬ್ಯಾಂಕಿನ ವರ್ಗಾವಣೆಯಲ್ಲಿ ಓಝರ್‌ಗೆ ಹೋದಾಗ ಪಕ್ಕದ ಮನೆಯಲ್ಲಿದ್ದವರು ವಿಮಾನ ಕಾರ್ಖಾನೆಯ ಒಬ್ಬ ಫಿಟ್ಟರ್, ಬಿಜಾಪುರದ ಕಡೆಯವರು. ಮಾತಿಗೊಮ್ಮೆ "ಅಳದು ನೋಡೂಣ್ರಿ" ಎನ್ನುತ್ತಿದ್ದರು. ಹೆಂಡತಿ ಮಾಡಿದ ರೊಟ್ಟಿಯ ದಪ್ಪ ಅಳೆಯಲೂ ಕ್ಯಾಲಿಪರ್ ಹಿಡಿದ ಮನುಷ್ಯ.

ಜವಾರಿ, ಅಂದರೆ ನಾಟಿ ಗೋವಿನಜೋಳಕ್ಕೆ ಗೊಬ್ಬರ ಕಡಿಮೆ ಸಾಕು, ಬೀಜವೂ ಮನೆಯದೇ ಎಂದು ಹೆಂಡತಿಯ ವಾದ. ಅಷ್ಟೇ ನೆಲದಲ್ಲಿ ಹೈಬ್ರಿಡ್ ಹೆಚ್ಚು ಬೆಳೆಯುತ್ತದೆ ಎಂದು ಬೀಜದಂಗಡಿಯವನ ವಾದ. ಮಣ್ಣು ಕೆಡದಂತೆ ಬಹಳ ವರ್ಷ ನಡೆಯುವ ಬೇಸಾಯ ಯಾವುದು? ತೀರ್ಮಾನಿಸಲು ಫಿಟ್ಟರರು ಹಿತ್ತಲಲ್ಲಿ ಎರಡನ್ನೂ ಒಂದೇ ದಿನ ಬಿತ್ತಿದರು. ಮಣ್ಣು, ನೀರು, ಬಿಸಿಲು ಎಲ್ಲ ಸಮ ಇರಲೆಂದು ಸಾಲಿಗೆ ಸಾಲು ಒತ್ತಿಯೇ ಇಟ್ಟರು. ಹೆಂಡತಿ ತವರಿನಿಂದ ತಂದು ಕಾಪಾಡಿಕೊಂಡಿದ್ದ ಬಿಳಿ ಜವಾರಿ ಬೀಜವೆಲ್ಲ ಅದಕ್ಕೇ ಹೋಯಿತು.

ಕೊಯ್ಲಿನ ದಿನ ಜವಾರಿ ತೆನೆ ಸುಲಿದರೆ ಬಿಳಿ ಕಾಳಿನ ನಡುನಡುವೆ ಹಳದಿ ಕಾಳು! ಪಕ್ಕದ ಸಾಲಿನ ಹಳದಿ ಹೈಬ್ರಿಡ್‌ನ ಪರಾಗ ಗಾಳಿಯಲ್ಲಿ ಬಂದು ಬೆರೆತುಬಿಟ್ಟಿತ್ತು.

"ಇದನ್ನ ಜವಾರಿ ಅನ್ನಬೇಕೋ ಹೈಬ್ರಿಡ್ ಅನ್ನಬೇಕೋ, ಸರ?" ಎಂದು ಫಿಟ್ಟರರು ನನ್ನನ್ನು ಕೇಳಿದರು. ನಾನೂ ತೆನೆಯನ್ನು ತಿರುಗಿಸಿ ತಿರುಗಿಸಿ ನೋಡಿದೆ.

ಅವರ ಹೆಂಡತಿ ಹಳದಿ ಕಾಳುಗಳನ್ನು ಒಂದೊಂದಾಗಿ ಉಗುರಿನಿಂದ ಕಿತ್ತು ಬೇರೆ ಇಟ್ಟರು. ಉಳಿದ ಬಿಳಿ ಕಾಳುಗಳನ್ನು ಬೊಗಸೆಯಲ್ಲಿ ಗಂಡನ ಮುಂದೆ ಹಿಡಿದರು.

"ಇವಾದ್ರೂ ನಮ್ಮವು ಹೌದೇನ್ರಿ? ಅಳದು ಹೇಳ್ರಿ."

ಫಿಟ್ಟರರು ಒಂದು ಕಾಳನ್ನು ಎತ್ತಿಕೊಂಡು ಕ್ಯಾಲಿಪರಿನ ನಡುವೆ ಹಿಡಿದರು. ಅಳತೆಯನ್ನು ಮಾತ್ರ ಓದಲಿಲ್ಲ.